22ರ ಲೆಫ್ಟಿನೆಂಟ್, 45ರ ಸುಬೇದಾರ್: ಮೊದಲ ಮೂರು ತಿಂಗಳು ನಡೆಸುವ ಬಗೆ

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಸೇನೆಗೆ ಅಧಿಕಾರಿಯಾಗಿ ಹೋಗಬೇಕೆಂದು ತಯಾರಾಗುವ ಹುಡುಗ ಹುಡುಗಿಯರು ಓಟ, ಇಂಗ್ಲಿಷ್, ಸಾಮಾನ್ಯ ಜ್ಞಾನ ಅಂತ ವರ್ಷಗಟ್ಟಲೆ ಬೆವರು ಹರಿಸುತ್ತಾರೆ. ಹೆಗಲ ಮೇಲೆ ಎರಡು ನಕ್ಷತ್ರ ಕೂತ ಮೇಲೆ ಎದುರಾಗುವ ಪ್ರಶ್ನೆಯೇ ಬೇರೆ. ನಿಮಗೆ 22. ಸಿಪಾಯಿಯಾಗಿ ಸೇರಿ ಮೇಲೆ ಬಂದು, ಎದುರು ನಿಂತು ಸೆಲ್ಯೂಟ್ ಹೊಡೆಯುವ ಸುಬೇದಾರರಿಗೆ 45, ಅವರ ಮಗಳು ನಿಮ್ಮ ವಾರಗೆಯವಳು. ಅಂಥವರಿಗೆ ಆದೇಶ ಕೊಡುವುದು ಹೇಗೆ? ಅನುಭವ ಅವರದ್ದು, ಹೊಣೆ ನಿಮ್ಮದು. ಈ ಎರಡನ್ನೂ ಕಲಸಿಕೊಂಡಾಗಲೇ ಹೊಸ ಅಧಿಕಾರಿಗಳು ಎಡವುವುದು.

ಅದೇ ಎರಡು ನಕ್ಷತ್ರ, ಬೇರೆ ಬೇರೆ ವಯಸ್ಸು

ಲೆಫ್ಟಿನೆಂಟ್‌ಗಳೆಲ್ಲ ಒಂದೇ ವಯಸ್ಸಿನವರಲ್ಲ. ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಸೇರಬೇಕು. ಖಡಕ್‌ವಾಸ್ಲಾದಲ್ಲಿ 3 ವರ್ಷ, ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ 1 ವರ್ಷ ಮುಗಿಸಿ ಬರುವವರಿಗೆ 21, 22 ಆಗಿರುತ್ತದೆ. ಡಿಗ್ರಿ ಮುಗಿಸಿ ಸಿಡಿಎಸ್ ಪರೀಕ್ಷೆ ಬರೆದು ಚೆನ್ನೈನ ಒಟಿಎಯಲ್ಲಿ (ಅಧಿಕಾರಿಗಳ ತರಬೇತಿ ಅಕಾಡೆಮಿ) 49 ವಾರ ಕಳೆದವರಿಗೆ 24, 25. ಎಂಜಿನಿಯರಿಂಗ್ ಮುಗಿಸಿ, ಒಂದೆರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರು ಇನ್ನೂ ದೊಡ್ಡವರು. ಸಿಪಾಯಿಯಾಗಿ ಸೇರಿ, ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾದವರು ಮೂವತ್ತರ ಹತ್ತಿರ ಇರುವುದೂ ಉಂಟು.

ಹಿರಿತನ ಲೆಕ್ಕಕ್ಕೆ ಬರುವುದು ಕಮಿಷನ್ ಆದ, ಅಂದರೆ ಅಧಿಕಾರಿಯಾಗಿ ನೇಮಕವಾದ ದಿನದಿಂದಲೇ ಹೊರತು ಹುಟ್ಟಿದ ದಿನದಿಂದಲ್ಲ. ಆರು ತಿಂಗಳು ಮೊದಲು ಬಂದ 22ರ ಹುಡುಗ 28ರವನಿಗೆ ಸೀನಿಯರ್. ಇದನ್ನು ಮನಸ್ಸಿನಲ್ಲಿ ಮೊದಲೇ ಒಪ್ಪಿಕೊಂಡು ಹೋಗಿ.

ಪ್ರತಿ ದಾರಿಯಿಂದ ಬಂದವರಿಗೂ ಅವರದೇ ಕೊರತೆ ಇರುತ್ತದೆ. ಹದಿನೇಳಕ್ಕೆ ಅಕಾಡೆಮಿ ಸೇರಿದವನಿಗೆ ನಕ್ಷೆ, ಆಯುಧ ಕರತಲಾಮಲಕ, ಆದರೆ ಸಾಲದ ಕಂತು, ಜಮೀನಿನ ಪಾಲು, ಅತ್ತೆ ಸೊಸೆ ಜಗಳ ಗೊತ್ತಿರುವುದಿಲ್ಲ. ಕಂಪನಿಯಲ್ಲಿ ಕೆಲಸ ಮಾಡಿ ಬಂದವನಿಗೆ ಜನರೊಂದಿಗೆ ಮಾತಾಡಲು ಬರುತ್ತದೆ, ಆದರೆ ಎಲ್ಲದಕ್ಕೂ ಚರ್ಚೆ ಮಾಡುವ ಅಭ್ಯಾಸ ಅಂಟಿಕೊಂಡಿರುತ್ತದೆ. ಸಿಪಾಯಿಯಿಂದ ಮೇಲೆ ಬಂದವನಿಗೆ ಬ್ಯಾರಕ್ಕಿನ ಒಳಹೊರಗೆಲ್ಲ ಗೊತ್ತು. ಅವನ ತೊಂದರೆ ಎಂದರೆ ಜವಾನರ ಸಣ್ಣ ತಂಡ ನಡೆಸುವ ಹವಾಲ್ದಾರನ ಕೆಲಸವನ್ನೂ ತಾನೇ ಮಾಡಿಬಿಡುತ್ತಾನೆ, ಹವಾಲ್ದಾರ ಮೂಲೆಗೆ ಸರಿಯುತ್ತಾನೆ.

ಊರಲ್ಲಿ ಇರುವಾಗಲೇ ಮಾಡಬೇಕಾದ್ದು

ನಿಮಗಿಂತ ಹಿರಿಯರು ದುಡಿಯುವ, ನೀವು ಲೆಕ್ಕ ಒಪ್ಪಿಸಬೇಕಾದ ಕೆಲಸ ಹುಡುಕಿಕೊಳ್ಳಿ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹಂಗಾಮಿನಲ್ಲಿ ಲಾರಿ ಲೋಡಿಂಗಿನ ಚೀಟಿ ಬರೆಯುವುದು, ಹಾಸ್ಟೆಲ್ ಮೆಸ್ಸಿನ ತಿಂಗಳ ಖರ್ಚು ನೋಡಿಕೊಳ್ಳುವುದು, ಜಾತ್ರೆಯಲ್ಲಿ ಅನ್ನಸಂತರ್ಪಣೆಯ ಸಾಲು ನಡೆಸುವುದು ಇವೆಲ್ಲ ಆಗುತ್ತವೆ. ಐವತ್ತರ ಹಮಾಲರೊಬ್ಬರಿಗೆ 'ಮೊದಲು ಆ ಗಾಡಿ ತುಂಬ್ರಿ' ಎಂದು ಹೇಳಿ, ಅವರು 'ಅದು ಆಗಂಗಿಲ್ಲ ತಮ್ಮಾ' ಅಂದಾಗ ಸಿಟ್ಟಾಗದೆ 'ಯಾಕೆ' ಎಂದು ಕೇಳಿ ಕಲಿಯಿರಿ. ಹತ್ತರಲ್ಲಿ ಎಂಟು ಸಲ ಅವರ ಕಾರಣ ಸರಿಯಿರುತ್ತದೆ. ಉಳಿದೆರಡು ಸಲ ನಿಮ್ಮ ಮಾತಿಗೇ ನಿಲ್ಲಬೇಕು, ಅದೂ ದನಿ ಏರಿಸದೆ.

ಇನ್ನೊಂದು ಅಭ್ಯಾಸ: 10 ಜನರ ಗುಂಪನ್ನು ಚಿತ್ರದುರ್ಗದ ಕೋಟೆ ಹತ್ತಿಸಿ ಇಳಿಸಿ. ಗುಂಪಿನಲ್ಲಿ 16ರ ಹುಡುಗನೊಬ್ಬ, 45 ದಾಟಿದವರೊಬ್ಬರು ಇರಲೇಬೇಕು. ಬೇಸಿಗೆಯಾದರೆ ತಲೆಗೆ 3 ಲೀಟರ್‌ನಂತೆ 30 ಲೀಟರ್ ನೀರು ಯಾರು ಹೊರುತ್ತಾರೆ, ಎಲ್ಲೆಲ್ಲಿ ನಿಲ್ಲುತ್ತೀರಿ ಎಂದು ಹಿಂದಿನ ದಿನವೇ ಹೇಳಿಬಿಡಿ. ಬಂಡೆ ಕಾಯುವ ಮೊದಲೇ ಇಳಿಯಬೇಕು. ಸಾಮಾನ್ಯವಾಗಿ ಕೆಡುವುದು ಹೀಗೆ: ಹುಡುಗರು ಮುಂದೆ ಓಡುತ್ತಾರೆ, ಹಿರಿಯರು ಹಿಂದೆ ಉಳಿಯುತ್ತಾರೆ, ನೀರಿನ ಚೀಲ ಮುಂದಿನವರ ಹತ್ತಿರ ಸೇರಿಹೋಗಿರುತ್ತದೆ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಎರಡನೇ ಜಾಗದಲ್ಲಿ ನಡೆಸಿ, ನಂಬಿಕೆಯವನನ್ನು ಕೊನೆಗೆ ಇಡಿ. ಇಳಿದ ಮೇಲೆ 10 ನಿಮಿಷ ಕೂತು, ಎಲ್ಲಿ ತಪ್ಪಿತು ಎಂದು ಎಲ್ಲರನ್ನೂ ಕೇಳಿ, ಕಿರಿಯವನಿಂದಲೇ ಶುರು ಮಾಡಿ. ಹಿರಿಯರು ಮೊದಲು ಬಾಯಿ ತೆರೆದರೆ ಕಿರಿಯವನು ಅದನ್ನೇ ಒಪ್ಪಿಸುತ್ತಾನೆ.

ಎನ್‌ಸಿಸಿಯಲ್ಲಿ ಇದ್ದರೆ ಸಿ ಸರ್ಟಿಫಿಕೇಟನ್ನು ಕನಿಷ್ಠ ಬಿ ಗ್ರೇಡಿನಲ್ಲಿ ಪಡೆಯಿರಿ. ಡಿಗ್ರಿಯಲ್ಲಿ 50 ಶೇಕಡಾ ಅಂಕವೂ ಇದ್ದರೆ ಸ್ಪೆಷಲ್ ಎಂಟ್ರಿಯಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿಗೆ (ಅಧಿಕಾರಿಗಳನ್ನು ಆಯ್ಕೆ ಮಾಡುವ ಮಂಡಳಿ) ಅರ್ಜಿ ಹಾಕಬಹುದು.

ಭಾಷೆ ಸಣ್ಣ ವಿಷಯವಲ್ಲ. ನಮ್ಮ ಪೇಟೆಯ ಉರ್ದು ಕಿವಿಗೆ ಬಿದ್ದವರಿಗೆ ಹಿಂದಿ ಬೇಗ ಹತ್ತುತ್ತದೆ, ಆದರೆ 'ನಕ್ಕೋ', 'ಹೌ' ಅಂದರೆ ಗಢವಾಲಿನ ಜವಾನನಿಗೆ ಅರ್ಥವಾಗದು. 'ಆಪ್' ಮತ್ತು 'ತುಮ್' ನಡುವೆ ನಮ್ಮ 'ನೀವು', 'ನೀನು' ನಡುವಿನಷ್ಟೇ ಅಂತರವಿದೆ. ಸುಬೇದಾರರಂಥ ಜೆಸಿಒಗಳಿಗೆ (ಜೂನಿಯರ್ ಕಮಿಷನ್ಡ್ ಆಫೀಸರ್) ಯಾವಾಗಲೂ 'ಆಪ್', ಕರೆಯುವಾಗ 'ಸಾಹೇಬ್'. ನಿಮ್ಮ ಪಲ್ಟನ್ನಿನ, ಅಂದರೆ ಬೆಟಾಲಿಯನ್ನಿನ ಜನರ ಮಾತು ಡೋಗ್ರಿಯೋ ಪಂಜಾಬಿಯೋ ತಮಿಳೋ ಆಗಿದ್ದರೆ ಅದನ್ನೂ ದಿನಕ್ಕೆ ಐದು ಪದದಂತೆ ಕಲಿಯಿರಿ.

ಪಲ್ಟನ್ನಿನಲ್ಲಿ ಮೊದಲ ತಿಂಗಳು

ಹೊಸ ಅಧಿಕಾರಿಯನ್ನು ಕೆಲವು ವಾರ ಜವಾನರ ಜೊತೆಯೇ ಬ್ಯಾರಕ್ಕಿನಲ್ಲಿ ಇರಿಸುವ ಪದ್ಧತಿ ಎಷ್ಟೋ ಬೆಟಾಲಿಯನ್‌ಗಳಲ್ಲಿದೆ. ಅದನ್ನು ಶಿಕ್ಷೆ ಎಂದುಕೊಳ್ಳಬೇಡಿ, ಮುಂದೆ ಅಂಥ ಅವಕಾಶ ಸಿಗದು. ನೀರು ಎಷ್ಟು ಗಂಟೆಗೆ ನಿಲ್ಲುತ್ತದೆ, ಲಂಗರಿನಲ್ಲಿ (ಜವಾನರ ಅಡುಗೆಮನೆ) ಕೊನೆಗೆ ಬಂದವನ ತಟ್ಟೆಗೆ ಏನು ಉಳಿಯುತ್ತದೆ, ರಾತ್ರಿ ಎರಡರ ಪಹರೆ ಯಾರ ಪಾಲಿಗೆ ಪದೇ ಪದೇ ಬೀಳುತ್ತದೆ ಎಂಬುದೆಲ್ಲ ಅಲ್ಲಿ ಮಾತ್ರ ಕಾಣುತ್ತದೆ.

ಒಂದು ನೋಟ್‌ಬುಕ್ ಇಡಿ, ಒಬ್ಬೊಬ್ಬ ಜವಾನನಿಗೆ ಒಂದು ಪುಟ. ಹೆಸರು, ನಂಬರ್, ರಕ್ತದ ಗುಂಪು, ಊರು, ಮನೆಯಲ್ಲಿ ಯಾರ‍್ಯಾರು, ಮಾಡಿದ ಕೋರ್ಸ್‌ಗಳು, ಕೊನೆಯ ರಜೆ, ಮುಂದೆ ಬೇಕಿರುವ ರಜೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಪಲ್ಟನ್ನಿನ ಅಸಮಾಧಾನ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ತಂಗಿ ಮದುವೆ, ಹೆರಿಗೆ, ಸುಗ್ಗಿ, ಮಕ್ಕಳ ಪರೀಕ್ಷೆ ಎಲ್ಲ ಬರೆದುಕೊಂಡು, ಸೀನಿಯರ್ ಜೆಸಿಒ ಜೊತೆ ಕೂತು ಮೂರು ತಿಂಗಳ ರಜೆ ಪಟ್ಟಿ ಮೊದಲೇ ಹಾಕಿ. ಮೇಲಿನಿಂದ ಕತ್ತರಿ ಬಿದ್ದು ರಜೆ ರದ್ದಾದರೆ ಆ ಜವಾನನಿಗೆ ನೀವೇ ಹೋಗಿ ಹೇಳಿ, ಹವಾಲ್ದಾರನ ಕೈಲಿ ಹೇಳಿಸಬೇಡಿ.

ಊರಿನ ಜಮೀನು ತಕರಾರು ತಂದವನಿಗೆ ಸಮಾಧಾನದ ಮಾತು ಸಾಲದು. ಸರ್ವೆ ನಂಬರ್, ತಾಲ್ಲೂಕು, ಎದುರಾಳಿ ಯಾರು ಎಂದು ಬರೆದುಕೊಂಡು, ಅವನ ಜಿಲ್ಲೆಯ ಜಿಲ್ಲಾಧಿಕಾರಿಗೋ ಎಸ್‌ಪಿಗೋ ಯೂನಿಟ್‌ನಿಂದ ಪತ್ರ ಹೋಗುವಂತೆ ಮಾಡಿ. ಪತ್ರದ ಪ್ರತಿ ಅವನ ಕೈಗೆ ಕೊಡಿ. 22 ವರ್ಷದವನಿಗೆ ಸಂಸಾರದ ಅನುಭವ ಇಲ್ಲದಿರಬಹುದು, ಪತ್ರ ಬರೆಸಲು ಅದು ಬೇಕಿಲ್ಲ.

ದೇಹದ ವಿಷಯದಲ್ಲಿ ಮಾತ್ರ ವಯಸ್ಸು ನಿಮ್ಮ ಕಡೆಗಿದೆ, ಅದನ್ನು ವ್ಯರ್ಥ ಮಾಡಬೇಡಿ. ರೈಫಲ್, ಸಾಮಾನು ಸಮೇತ 5 ಕಿಲೋಮೀಟರ್ ಓಟವನ್ನು 25 ನಿಮಿಷದೊಳಗೆ ಮುಗಿಸುವ ಗುರಿ ಇರಲಿ. ಮುಗಿಸಿ ನೆರಳು ಹುಡುಕದೆ, ಹಿಂದಿರುಗಿ ಕೊನೆಯವನ ಪಕ್ಕ ಓಡಿಬನ್ನಿ. ದೊಡ್ಡ ನಡಿಗೆಯ ನಂತರ ಬೂಟು ಬಿಚ್ಚಿಸಿ ಪ್ರತಿಯೊಬ್ಬನ ಪಾದ ನೋಡಿ. ಗುಳ್ಳೆ ಎದ್ದವನು ತಾನಾಗಿ ಹೇಳುವುದಿಲ್ಲ.

ಕೇಳುವ ಕ್ರಮ

ಸುಬೇದಾರರನ್ನು 'ಈಗ ಏನು ಮಾಡೋಣ?' ಎಂದು ಕೇಳಿದರೆ ಹೊಣೆಯನ್ನೇ ದಾಟಿಸಿದಂತೆ. 'ಸಾಹೇಬ್, ಹೋದ ಸಲ ಇದನ್ನು ಹೇಗೆ ಮಾಡಿದ್ದರು, ಎಲ್ಲಿ ಕೆಟ್ಟಿತ್ತು?' ಎಂದು ಕೇಳಿ. ನಿಮ್ಮ ಯೋಜನೆ ಮುಂದಿಟ್ಟು 'ಇದರಲ್ಲಿ ಯಾವುದು ಮುರಿಯುತ್ತದೆ?' ಎಂದೂ ಕೇಳಬಹುದು. ಇದೆಲ್ಲ ಇಬ್ಬರೇ ಇದ್ದಾಗ. ಜವಾನರ ಎದುರು ಆದೇಶ ಒಂದೇ ಬಾಯಿಂದ ಬರಲಿ. ಅವರ ಸಲಹೆ ಬಿಟ್ಟು ಬೇರೆ ತೀರ್ಮಾನ ಮಾಡಿದ್ದರೆ, ಸಾಲಿನ ಮುಂದೆ ಘೋಷಿಸುವ ಮೊದಲು ಅವರಿಗೆ ಕಾರಣ ಹೇಳಿ. ತೀರ್ಮಾನ ತಪ್ಪಾದರೆ ಅದೇ ದಿನ, ಅದೇ ಸಾಲಿನ ಮುಂದೆ 'ತಪ್ಪು ನನ್ನದು' ಅನ್ನಿ.

ವಯಸ್ಸು ಮುಚ್ಚಿಕೊಳ್ಳಲು ಮಾಡುವ ಎರಡು ಕೆಲಸ ಬೇಗ ಮುಳುಗಿಸುತ್ತವೆ: ಗದರಿ ಬೈದು ದೊಡ್ಡವನಂತೆ ಆಡುವುದು, ಇಲ್ಲವೇ ಜವಾನರ ದೋಸ್ತಿಯಾಗಿಬಿಡುವುದು. ಮೊದಲನೆಯದರಿಂದ ಯಾರೂ ನಿಜ ಹೇಳುವುದಿಲ್ಲ, ಎರಡನೆಯದರಿಂದ ಶಿಕ್ಷೆ ಕೊಡಬೇಕಾದ ದಿನ ಬಾಯಿ ಬರುವುದಿಲ್ಲ.

2022ರಲ್ಲಿ ಶುರುವಾದ ಅಗ್ನಿಪಥ ಯೋಜನೆಯಡಿ 4 ವರ್ಷಕ್ಕೆಂದು ಸೇರಿದ ಅಗ್ನಿವೀರರೂ ಬರುತ್ತಿದ್ದಾರೆ, ಹದಿನೇಳೂವರೆ ದಾಟುತ್ತಲೇ ಸೇರಬಹುದಾದವರು. ಅವರ ಪಾಲಿಗೆ ನೀವು ಅಣ್ಣ. 4 ವರ್ಷದ ನಂತರ ಶೇಕಡಾ 25ರವರೆಗೆ ಮಾತ್ರ ಉಳಿಸಿಕೊಳ್ಳುವುದರಿಂದ ಪಕ್ಕದವನೇ ಪೈಪೋಟಿಗಾರ ಎಂಬ ಭಾವ ಬರುತ್ತದೆ. ಜೋಡಿಯಾಗಿ ಮಾಡುವ ಕೆಲಸ ಕೊಟ್ಟು, ಜೋಡಿಗೇ ಶಹಬ್ಬಾಸ್ ಹೇಳಿ.

ಯಾರ ಕೈಗೂ ಬಿಡಬಾರದ್ದು

ಪಹರೆ, ಮದ್ದುಗುಂಡು, ಹಣ. ಒನಕೆ ಓಬವ್ವನ ಕಿಂಡಿಯ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು: ಶತ್ರು ನುಗ್ಗಿದ್ದು ಕಾವಲಿನವನು ಊಟಕ್ಕೆ ಕೂತ ಹೊತ್ತಿನಲ್ಲಿ. ಪಹರೆ ನೋಡಲು ಹೋಗುವುದಾದರೆ ಊಟದ ಹೊತ್ತಿಗೆ, ಪಾಳಿ ಬದಲಾಗುವ ಹೊತ್ತಿಗೆ ಹೋಗಿ.

ಫೈರಿಂಗ್ ರೇಂಜಿನ ಲೆಕ್ಕ ಹೀಗಿರುತ್ತದೆ. 35 ಜನ, ತಲೆಗೆ 10 ಗುಂಡು, ಒಟ್ಟು 350. ಸಂಜೆ ಗುಂಡು ಹಾರಿ ಉಳಿದ ಖಾಲಿ ಕೋಶ 334, ಹಾರಿಸದೆ ಉಳಿದ ಗುಂಡು 12, ಒಟ್ಟು 346. ನಾಲ್ಕು ಕಡಿಮೆ. 'ಹುಲ್ಲಿನಲ್ಲಿ ಬಿದ್ದಿರುತ್ತವೆ, ನಾಳೆ ನೋಡೋಣ ಸರ್' ಎಂದು ಇಪ್ಪತ್ತು ವರ್ಷ ಸೇವೆಯವರು ಹೇಳಿದರೂ ಸಹಿ ಹಾಕಬೇಡಿ, ಲಾರಿ ಹೊರಡಿಸಬೇಡಿ. ಫೈರಿಂಗ್ ಪಾಯಿಂಟಿನ ಹಿಂದೆ ಎಲ್ಲರನ್ನೂ ಭುಜಕ್ಕೆ ಭುಜ ನಿಲ್ಲಿಸಿ, ಕೋಶ ಹಾರುವ ಬಲಬದಿಯಿಂದ ಶುರು ಮಾಡಿ ಹುಲ್ಲು ಸವರಿಸಿ. ಪೌಚು, ಜೇಬು, ಮ್ಯಾಗಜೀನ್ ಮತ್ತೊಮ್ಮೆ ತೆಗೆಸಿ ನೋಡಿ, ನಿಮ್ಮದನ್ನೂ ಸೇರಿಸಿ. ಆಮೇಲೂ ಸಿಗದಿದ್ದರೆ ಕಂಪನಿ ಕಮಾಂಡರ್‌ಗೆ ಅಲ್ಲಿಂದಲೇ ತಿಳಿಸಿ. ಸಿಕ್ಕ ಮೇಲೆ ನೀವೇ ಮೊದಲಿಂದ ಎಣಿಸಿ, 350 ಆದ ಮೇಲೆ ಪೆನ್ನು ತೆಗೆಯಿರಿ.