ಬೆಳಗಿನ ಮೊದಲ ಹೆಜ್ಜೆಗೆ ಮುಂಚೆ

ಕಾರವಾರದ ಟಾಗೋರ್ ಕಡಲತೀರದಲ್ಲಿ ಹೊಸದಾಗಿ ವಾಕಿಂಗ್ ಶುರು ಮಾಡಿದವರಿಗೆ ಉತ್ಸಾಹ ಜಾಸ್ತಿ. ಮೊದಲ ದಿನವೇ ಬರಿಗಾಲಲ್ಲಿ ಒಂದು ತಾಸು. ಮರಳು ಮೆತ್ತಗಿದೆ, ಕಾಲಿಗೆ ಒಳ್ಳೆಯದು ಅಲ್ವಾ ಅನ್ನುತ್ತಾರೆ. ಆದರೆ ಒಣ ಮರಳಲ್ಲಿ ಹಿಮ್ಮಡಿ ಹೂತು ಅಂಗಾಲು, ಮೀನಖಂಡ ಎರಡೂ ಜಗ್ಗುತ್ತವೆ. ಕೆಲವು ದಿನಗಳಲ್ಲೇ ಹಿಮ್ಮಡಿ ಹಿಡಿದುಕೊಳ್ಳುತ್ತದೆ.

ಗುರುತು ಸುಲಭ. ಹಾಸಿಗೆಯಿಂದ ಎದ್ದು ಕಾಲೂರಿದರೆ ಮುಳ್ಳು ಚುಚ್ಚಿದ ಹಾಗೆ ನೋವು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಬಸ್ಸಲ್ಲಿ ಕುಳಿತು ದೇವಿಮನೆ ಘಾಟಿ ಹತ್ತಿ ಶಿರಸಿಯಲ್ಲಿ ಇಳಿದರೆ ಮತ್ತೆ ಅದೇ ಮುಳ್ಳು. ಹಿಮ್ಮಡಿಯಿಂದ ಬೆರಳಿನವರೆಗೆ ಇರುವ ಗಟ್ಟಿ ಪಟ್ಟಿಗೆ ಪೆಟ್ಟಾಗಿರುತ್ತದೆ. ವೈದ್ಯರು ಇದನ್ನು ಪ್ಲಾಂಟಾರ್ ಫೇಸಿಯೈಟಿಸ್ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಅಂದರೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರುತ್ತದೆ.

ಮೊದಲ ಕೆಲಸ ಹಾಸಿಗೆಯಲ್ಲೇ. ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆಯಿರಿ. ಅಂಗಾಲಲ್ಲಿ ಪಟ್ಟಿ ಬಿಗಿಯಾಗಿದ್ದು ಇನ್ನೊಂದು ಕೈಗೆ ಸಿಗಬೇಕು. 10 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ 3 ಬಾರಿ. ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಆಮೇಲೆ ಗೋಡೆಗೆ ಕೈ ಕೊಟ್ಟು, ನೋವಿನ ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದೆ ಬಾಗಿ. 30 ಸೆಕೆಂಡ್ ಸಾಕು. ಸಂಜೆ ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಯನ್ನು ಬಟ್ಟೆ ಸುತ್ತಿ ಅಂಗಾಲಡಿ 10 ನಿಮಿಷ ಉರುಳಿಸಿ. ಎಣ್ಣೆ ಬಿಸಿ ಮಾಡಿ ತಿಕ್ಕಿದರೆ ಹಿತವೆನಿಸಬಹುದು, ಅಷ್ಟೇ.

ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ. ಟೈಲ್ಸ್ ಮೇಲೆ ಬರಿಗಾಲು ಬೇಡ, ಸವೆದ ಹವಾಯಿಯಂತೂ ಬೇಡವೇ ಬೇಡ. ವಾಕಿಂಗ್ ಪೂರ್ತಿ ಬಿಡಬೇಕಿಲ್ಲ. ಅರ್ಧಕ್ಕೆ ಇಳಿಸಿ, ಶೂ ಹಾಕಿ, ಸಮತಟ್ಟಾದ ರಸ್ತೆಯಲ್ಲಿ ನಡೆಯಿರಿ.

ವಾಸಿಯಾಗಲು ತಿಂಗಳುಗಳೇ ಬೇಕು. ವಾರಕ್ಕೇ ಬೇಸತ್ತು ಇಂಜೆಕ್ಷನ್‌ಗೆ ಓಡಬೇಡಿ. ಸ್ಟೀರಾಯ್ಡ್ ಚುಚ್ಚಿದರೆ ಅಪರೂಪಕ್ಕೆ ಆ ಪಟ್ಟಿಯೇ ಹರಿಯುವುದುಂಟು. ಆದರೆ ಹಿಮ್ಮಡಿ ಊದಿದರೆ, ಜ್ವರ ಬಂದರೆ, ಕಾಲು ಜೋಮು ಹಿಡಿದರೆ, ಮಲಗಿದಾಗಲೂ ನೋವಿದ್ದರೆ ಸುಮ್ನೆ ಕೂರಬೇಡಿ, ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಬಾಟಲಿ ಉರುಳಿಸುವ ಮೊದಲೇ ಕೇಳಿಕೊಳ್ಳಿ. ಅವರ ಪಾದಕ್ಕೆ ಕೆಲವೊಮ್ಮೆ ತಂಪು ಸುಟ್ಟರೂ ಗೊತ್ತಾಗುವುದಿಲ್ಲ.