ಬೆಳಿಗ್ಗೆ ಏಳದ ಹಳೆಯ ಡೆಸ್ಕ್‌ಟಾಪ್: ಭಂಗಾರಿಗೆ ಹೋಗಬೇಕಿದ್ದ ಬೋರ್ಡನ್ನು ನಾನು ಉಳಿಸಿಕೊಂಡ ಬಗೆ

ಡೊಂಬಿವಲಿಯ ನಮ್ಮ ಪುಟವಿನ್ಯಾಸದ ಅಂಗಡಿಯಲ್ಲಿರುವ ಜಿ31 ಚಿಪ್‌ಸೆಟ್ಟಿನ ಡೆಸ್ಕ್‌ಟಾಪ್ ಕಳೆದ ಮಳೆಗಾಲವನ್ನು ಒಂದು ದಿನವೂ ಹಟ ಮಾಡದೆ ದಾಟಿದೆ. ಮದರ್‌ಬೋರ್ಡ್ ಸತ್ತಿದೆ, ಭಂಗಾರಿಗೆ (ಗುಜರಿಗೆ) ಹಾಕಿ ಹೊಸದು ತನ್ನಿ ಎಂದು ಈ ಪರಿಸರದ ಮೂವರು ರಿಪೇರಿಯವರು ಒಂದೇ ಮಾತಿನಲ್ಲಿ ಹೇಳಿದ್ದ ಯಂತ್ರವಿದು. ಅದಕ್ಕೆ ಹೊಸ ಜೀವ ಕೊಟ್ಟದ್ದು ಐನೂರು ರೂಪಾಯಿಯೂ ಮುಟ್ಟದ ಸಾಮಾನು. ಇಂಥದೇ ಯಂತ್ರವನ್ನು ಇಟ್ಟುಕೊಂಡು ಒದ್ದಾಡುತ್ತಿರುವವರು ನಮ್ಮ ವೃತ್ತಿಯಲ್ಲಿ ಇನ್ನೂ ಹಲವರಿದ್ದಾರೆಂಬುದು ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಷ್ಟು ಹಳೆಯ ಯಂತ್ರ ಏಕೆ ಬೇಕು ಎಂದು ಕೇಳುವವರಿಗೆ ಉತ್ತರ ಚಿಕ್ಕದು. ನಮ್ಮ ಹಳೆಯ ಕನ್ನಡ ಫಾಂಟ್ ತಂತ್ರಾಂಶ ಹಳೆಯ ಪ್ರಿಂಟರುಗಳ ಪ್ಯಾರಲಲ್ ಪೋರ್ಟಿಗೆ ಚುಚ್ಚುವ ಡಾಂಗಲ್ (ತಂತ್ರಾಂಶದ ಬೀಗದ ಕೈಯಂಥ ಪುಟ್ಟ ಸಾಧನ) ಇಲ್ಲದೆ ತೆರೆಯುವುದಿಲ್ಲ. ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ಯಕ್ಷಗಾನ ಮಂಡಳಿಗಳ ಕರಪತ್ರಗಳು, ಮದುವೆಯ ಕರೆಯೋಲೆಗಳು ಎಲ್ಲವೂ ಪೇಜ್‌ಮೇಕರ್ ಕಡತಗಳಾಗಿ ಅದರಲ್ಲಿಯೇ ಇವೆ. ಯೂನಿಕೋಡಿಗೆ ಪರಿವರ್ತಿಸಿದರೆ ಒತ್ತಕ್ಷರಗಳನ್ನು ಮತ್ತೆ ಒಂದೊಂದಾಗಿ ನೋಡಬೇಕು, ಪುಟದ ಅಳತೆಯೂ ಕೆಡುತ್ತದೆ. ಬೇರೆ ಯಂತ್ರಕ್ಕೆ ಪಿಸಿಐ ಪ್ಯಾರಲಲ್ ಕಾರ್ಡ್ ಹಾಕಿಯೂ ನೋಡಿದೆ. ಸುಮಾರು ಆರುನೂರು ರೂಪಾಯಿ ಹೋಯಿತು, ತಂತ್ರಾಂಶಕ್ಕೆ ಡಾಂಗಲ್ ಕಾಣಿಸಲಿಲ್ಲ. ಅಂಥ ಕಾರ್ಡುಗಳು ಬೇರೆಯೇ ವಿಳಾಸ ಪಡೆಯುತ್ತವೆ; ಹಳೆಯ ಡ್ರೈವರ್ ಮಾತ್ರ ಹೆಕ್ಸ್ 378 ಎಂಬ ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿರುತ್ತದೆ.

ಲಕ್ಷಣಗಳನ್ನು ಹೇಳುತ್ತೇನೆ. ಬೆಳಿಗ್ಗೆ ಬಟನ್ ಒತ್ತಿದರೆ ಕೆಲವೊಮ್ಮೆ ಫ್ಯಾನ್ ಅಲುಗಾಡುತ್ತಲೂ ಇರಲಿಲ್ಲ. ಕೆಲವೊಮ್ಮೆ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು, ಬೀಪ್ ಕೂಡ ಇಲ್ಲ. ಆಫ್ ಆನ್ ಮಾಡುತ್ತ ಹತ್ತಿಪ್ಪತ್ತು ನಿಮಿಷ ಕಳೆದ ಮೇಲೆ ಏನೂ ಆಗದಂತೆ ಏಳುತ್ತಿತ್ತು, ಆಮೇಲೆ ರಾತ್ರಿಯವರೆಗೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ತೊಂದರೆಯಿಲ್ಲ. ಭಾನುವಾರದ ರಜೆ ಕಳೆದ ಸೋಮವಾರ ಕಾಟ ಹೆಚ್ಚು, ಜುಲೈ ಆಗಸ್ಟ್ ತಿಂಗಳಲ್ಲಿ ಇನ್ನೂ ಹೆಚ್ಚು.

ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜುವುದು, ಸಿಮಾಸ್ ಸೆಲ್ ಬದಲಿಸುವುದು, ಹಾರ್ಡ್ ಡಿಸ್ಕ್ ಕಳಚಿ ಬೂಟ್ ಮಾಡುವುದು ಇವೆಲ್ಲ ಎಲ್ಲರೂ ಮಾಡುವಂಥವೇ, ವಿವರಿಸುವುದಿಲ್ಲ. ಡಿಡಿಆರ್2 ರ‍್ಯಾಮಿಗೆ ನಾನೂರು, ‘450 ವ್ಯಾಟ್’ ಎಂದು ಬರೆದಿದ್ದ, ಕರೆಂಟನ್ನು ಬೋರ್ಡಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ ಅಗ್ಗದ ಎಸ್‌ಎಂಪಿಎಸ್‌ಗೆ ಆರುನೂರೈವತ್ತರಷ್ಟು ಖರ್ಚಾಯಿತು. ಆ ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಫ್ಯಾನ್ ತಿರುಗದ ಕಾಯಿಲೆ ನಿಂತಿತು, ಕಪ್ಪು ಪರದೆಯ ಕಾಯಿಲೆ ನಿಲ್ಲಲಿಲ್ಲ. ಇದನ್ನು ನೋಡಿಯೇ ರಿಪೇರಿಯವರು ಬೋರ್ಡ್ ಹೋಯಿತೆಂದು ತೀರ್ಪು ಕೊಟ್ಟರು. ನನಗೆ ಕಂಡದ್ದು ಬೇರೆ: ಇಲ್ಲಿರುವುದು ಎರಡು ಪ್ರತ್ಯೇಕ ದೋಷಗಳು, ಒಂದೇ ಬೆಳಿಗ್ಗೆ ಒಂದರ ಮೇಲೊಂದು ಬಂದು ಒಂದೇ ದೋಷದಂತೆ ತೋರುತ್ತಿವೆ. ಅಗ್ಗದ ಎಸ್‌ಎಂಪಿಎಸ್ ಅಷ್ಟರಲ್ಲಿ ಕೂಗತೊಡಗಿದ್ದರಿಂದ ಅದನ್ನು ತೆಗೆದು ಹಳೆಯದನ್ನೇ ಮರಳಿ ಹಾಕಿ ಪರೀಕ್ಷೆಗೆ ಇಳಿದೆ.

ಯಂತ್ರ ಏಳುವಾಗ ಯಾವ ಹಂತದಲ್ಲಿ ನಿಂತಿತೆಂದು ಅಂಕಿಯಲ್ಲಿ ತೋರಿಸುವ ಪೋಸ್ಟ್ ಕಾರ್ಡನ್ನು ಬೋರ್ಡಿಗೆ ಹಾಕಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಫ್ಯಾನ್ ತಿರುಗದ ಬೆಳಿಗ್ಗೆ ಕಾರ್ಡಿನ ಯಾವ ದೀಪವೂ ಉರಿಯುತ್ತಿರಲಿಲ್ಲ. ಕಪ್ಪು ಪರದೆಯ ಹೊತ್ತಿನಲ್ಲಾದರೋ ವೋಲ್ಟೇಜಿನ ದೀಪಗಳೆಲ್ಲ ಉರಿಯುತ್ತಿದ್ದವು, ಅಂಕಿಯ ಜಾಗದಲ್ಲಿ ಎಫ್‌ಎಫ್ ನಿಂತುಬಿಡುತ್ತಿತ್ತು. ಅಂದರೆ ಪ್ರೊಸೆಸರ್ ಮೊದಲ ಹೆಜ್ಜೆಯನ್ನೇ ಇಡುತ್ತಿರಲಿಲ್ಲ. ರ‍್ಯಾಮಿನ ತನಕ ಮಾತು ಹೋಗುತ್ತಲೇ ಇರಲಿಲ್ಲ. ಇದನ್ನು ಮೊದಲೇ ನೋಡಿದ್ದವರು ಯಾರೂ ರ‍್ಯಾಮ್ ಮಾರಲು ಬರುತ್ತಿರಲಿಲ್ಲ.

ಆಮೇಲೆ ಮನೆಯಿಂದ ಹೇರ್ ಡ್ರೈಯರ್ ತಂದೆ. ಇದನ್ನು ಕಂಡು ನಕ್ಕವರೇ ಹೆಚ್ಚು. ನಡುವೆ ರಟ್ಟು ಅಡ್ಡ ಇಟ್ಟು ಮೊದಲು ಎಸ್‌ಎಂಪಿಎಸ್‌ನ ಜಾಲರಿಗೆ ಮಾತ್ರ ಎರಡು ಮೂರು ನಿಮಿಷ ಬಿಸಿಗಾಳಿ ಕೊಟ್ಟಾಗ ಫ್ಯಾನ್ ತಿರುಗಿತು, ಎಫ್‌ಎಫ್ ಹಾಗೆಯೇ ಇತ್ತು. ನಂತರ ಪ್ರೊಸೆಸರಿನ ಪಕ್ಕದ ಕೆಪ್ಯಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟು ಅದರ ಏರಿಳಿತ ತಗ್ಗಿಸುವ ಬಿಡಿಭಾಗ) ಸಾಲಿಗೆ ಕೊಟ್ಟೆ. ಎಫ್‌ಎಫ್ ಕರಗಿ ಯಂತ್ರ ಎದ್ದಿತು. ಎಲೆಕ್ಟ್ರೋಲೈಟ್, ಅಂದರೆ ಒಳಗಿನ ದ್ರವ, ಒಣಗಿದ ಕೆಪ್ಯಾಸಿಟರಿನ ಒಳರೋಧ, ಅಂದರೆ ಇಎಸ್‌ಆರ್, ತಣ್ಣಗಿದ್ದಾಗ ಏರುತ್ತದೆ, ಬಿಸಿಯಾದರೆ ಇಳಿಯುತ್ತದೆ. ಹತ್ತಿಪ್ಪತ್ತು ನಿಮಿಷದ ಆಫ್ ಆನ್ ಮಾಡುತ್ತಿದ್ದ ಕೆಲಸವೂ ಅದೇ. ಈ ನಡುವೆ ಒಂದು ಉಪಪ್ರಯೋಗವನ್ನೂ ಮಾಡಿದೆ. ಮಳೆಗಾಲದಲ್ಲಿ ಇಲ್ಲಿನವರು ಬಟ್ಟೆಯ ಕಪಾಟಿನೊಳಗೆ ಬೂಷ್ಟು ಬಾರದಿರಲೆಂದು ಬಲ್ಬ್ ಉರಿಸುವುದುಂಟಲ್ಲ, ಹಾಗೆ ಹದಿನೈದು ವ್ಯಾಟಿನ ಬಲ್ಬನ್ನು ಕ್ಯಾಬಿನೆಟ್ಟಿನೊಳಗೆ ರಾತ್ರಿಯಿಡೀ ಉರಿಯಲು ಬಿಟ್ಟೆ. ಬೆಳಿಗ್ಗೆ ಯಂತ್ರ ಬಹುಪಾಲು ಮೊದಲ ಒತ್ತಿಗೇ ಏಳುತ್ತಿತ್ತು. ಆದರೆ ವೈರುಗಳ ನಡುವೆ ಬಲ್ಬ್ ಉರಿಸಿ ಮನೆಗೆ ಹೋಗಿ ನಿದ್ದೆ ಮಾಡುವ ಧೈರ್ಯ ಬಹಳ ದಿನ ಇರಲಿಲ್ಲ.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ಮಲ್ಟಿಮೀಟರ್. ಯಂತ್ರ ಆಫ್ ಇದ್ದಾಗಲೂ ಬರುವ, ನೇರಳೆ ತಂತಿಯ ಸ್ಟ್ಯಾಂಡ್‌ಬೈ ವೋಲ್ಟೇಜ್ ನನ್ನ ಮೀಟರಿನಲ್ಲಿ 5.04ರ ಆಸುಪಾಸು ಬರುತ್ತಿತ್ತು, ಐದು ವೋಲ್ಟಿಗೆ ಐದು ಶೇಕಡಾ ಹೆಚ್ಚುಕಡಿಮೆಯ ಮಿತಿಯೊಳಗೆ. ಡಿಸಿ ಅಳತೆ ಸರಾಸರಿಯನ್ನಷ್ಟೇ ಹೇಳುತ್ತದೆ, ಮೇಲೆ ಕುಣಿಯುವ ಏರಿಳಿತವನ್ನು ಹೇಳುವುದಿಲ್ಲ. ಕಣ್ಣಿನ ಪರೀಕ್ಷೆಯೂ ಅಷ್ಟೇ. ತಲೆ ಉಬ್ಬಿದ ಕೆಪ್ಯಾಸಿಟರನ್ನು ಯಾರಾದರೂ ಹಿಡಿಯುತ್ತಾರೆ. ನನ್ನ ಯಂತ್ರದಲ್ಲಿ ಉಬ್ಬಿದ್ದವು ಇದ್ದದ್ದು ಒಂದೆರಡು ಮಾತ್ರ. ಬಿಚ್ಚಿದ ಎಸ್‌ಎಂಪಿಎಸ್‌ನ ದೊಡ್ಡ ಕೆಪ್ಯಾಸಿಟರುಗಳನ್ನು ಬಲ್ಬ್ ಮೂಲಕ ಖಾಲಿ ಮಾಡಿ (ಅಲ್ಲಿ ಮುನ್ನೂರು ವೋಲ್ಟಿಗೂ ಮೇಲೆ ಕೂತಿರುತ್ತದೆ, ಗೊತ್ತಿಲ್ಲದವರು ಕೈಹಾಕಬಾರದು), ಸ್ಟ್ಯಾಂಡ್‌ಬೈ ಟ್ರಾನ್ಸ್‌ಫಾರ್ಮರಿನ ಬದಿಯಲ್ಲಿ ಬಿಸಿ ರೆಸಿಸ್ಟರಿಗೆ ಅಂಟಿಕೊಂಡಂತಿದ್ದ 22 ಮೈಕ್ರೋಫ್ಯಾರಡಿನ (ಕೆಪ್ಯಾಸಿಟರಿನ ಧಾರಣಶಕ್ತಿಯ ಅಳತೆ), 50 ವೋಲ್ಟಿನ ಪುಟ್ಟ ಕೆಪ್ಯಾಸಿಟರನ್ನು ತೆಗೆದೆ. ನೋಡಲು ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಏಳುನೂರು ರೂಪಾಯಿಯ ನನ್ನ ಕಾಂಪೊನೆಂಟ್ ಟೆಸ್ಟರ್ ಅದಕ್ಕೆ ತೋರಿಸಿದ್ದು ಮೂರೋ ನಾಲ್ಕೋ ಮೈಕ್ರೋಫ್ಯಾರಡ್, ಇಎಸ್‌ಆರ್ ಹತ್ತು ಓಮಿಗಿಂತ ಹೆಚ್ಚು. ಬೆಳಗಿನ ಅರ್ಧ ರಗಳೆಗೆ ಕಾರಣ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲದ ಆ ವಸ್ತು.

ಬೋರ್ಡಿನ ಕೆಲಸ ಅಷ್ಟು ಸುಲಭವಾಗಿರಲಿಲ್ಲ. ಪ್ರೊಸೆಸರಿನ ಪಕ್ಕದ 1500 ಮೈಕ್ರೋಫ್ಯಾರಡಿನ ಸಾಲಿನಲ್ಲಿ ಎಲ್ಲವೂ ಒಂದಕ್ಕೊಂದು ಸಮಾನಾಂತರವಾಗಿ ಜೋಡಣೆಯಾಗಿರುವುದರಿಂದ ಬೋರ್ಡಿನ ಮೇಲೆಯೇ ಅಳೆದರೆ ಒಳ್ಳೆಯದು ಕೆಟ್ಟದ್ದನ್ನು ಮುಚ್ಚಿಡುತ್ತದೆ, ತೆಗೆದೇ ಅಳೆಯಬೇಕು. ತೆಗೆಯಲು ಇಪ್ಪತ್ತೈದು ವ್ಯಾಟಿನ ಐರನ್ ಸಾಲದು. ಬೋರ್ಡಿನೊಳಗಿನ ಅಗಲವಾದ ತಾಮ್ರದ ಗ್ರೌಂಡ್ ಪದರ ಬೇಸಿಗೆಯ ಒಣನೆಲ ಮೊದಲ ಮಳೆಯನ್ನು ಹೀರುವ ಹಾಗೆ ಶಾಖವನ್ನು ಹೀರಿಬಿಡುತ್ತದೆ. ಅರುವತ್ತು ವ್ಯಾಟಿನದನ್ನು ಹಿಡಿದು, ಹಳೆಯ ಸೀಸರಹಿತ ಬೆಸುಗೆಯ ಮೇಲೆ ಹೊಸ 60/40 (ತವರ ಮತ್ತು ಸೀಸದ) ಸೋಲ್ಡರ್ ಬೆರೆಸಿ, ಒಂದು ಕಾಲು ಆಮೇಲೆ ಇನ್ನೊಂದು ಕಾಲು ಎಂದು ಮೆಲ್ಲಗೆ ಅಲುಗಾಡಿಸಿ ತೆಗೆದೆ. ಉಳಿದ ತೂತನ್ನು ಸ್ಟೀಲಿನ ಸೂಜಿಯಿಂದ ಬಿಡಿಸಿಕೊಳ್ಳಬಹುದು, ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಕರಗಿದ ಸೋಲ್ಡರ್ ಹೀರುವ ಪಂಪ್ ಬಿಟ್ಟು ಬರಿಯ ಸೂಜಿಯಿಂದಲೇ ತೂತು ಒಂದೇ ಸಲಕ್ಕೆ ಬಿಡುವಂತೆ ಮಾಡುವ, ಬೆಸುಗೆಗೆ ಸವರುವ ಫ್ಲಕ್ಸಿನ ಮಿಶ್ರಣ ನನ್ನದೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಾಮಾನು ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಲ್ಯಾಮಿಂಗ್ಟನ್ ರಸ್ತೆಯದ್ದು. ಮೊದಲ ಬಾರಿ ಅಲ್ಲಿ ಲೋ ಇಎಸ್‌ಆರ್ ಸಿಗದೆ, ಅಂಗಡಿಯವನ ಭರವಸೆಯ ಮೇಲೆ ನಾಲ್ಕು ರೂಪಾಯಿಗೊಂದರಂತೆ ಸಾಮಾನ್ಯ ದರ್ಜೆಯವನ್ನೇ ತಂದು ಹಾಕಿದ್ದೆ. ಕೆಲವು ವಾರ ಚೆನ್ನಾಗಿ ನಡೆದು ಎಫ್‌ಎಫ್ ಮರಳಿ ಬಂತು. ಪ್ರೊಸೆಸರಿನ ಸಪ್ಲೈ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಆನ್ ಆಫ್ ಆಗುವ ಜಾಗ. ಮೈಕ್ರೋಫ್ಯಾರಡ್ ಸರಿಯಿದ್ದರೂ ಇಎಸ್‌ಆರ್ ಹೆಚ್ಚಿರುವುದು ಅಲ್ಲಿ ಕಾದು ಬೇಗ ಸಾಯುತ್ತದೆ. ಹೀಗಾಗಿ ಎರಡನೆಯ ಸಲ ಸಾಲಿಗೆಲ್ಲ 820 ಮೈಕ್ರೋಫ್ಯಾರಡಿನ, 2.5 ವೋಲ್ಟಿನ, ಒಳಗೆ ದ್ರವದ ಬದಲು ಘನ ಪದಾರ್ಥವಿರುವ ಪಾಲಿಮರ್ ಕೆಪ್ಯಾಸಿಟರ್ ಹಾಕಿದೆ. ಮೈಕ್ರೋಫ್ಯಾರಡ್ ಅರ್ಧಕ್ಕಿಳಿಯಿತಲ್ಲ ಎಂದು ಪಕ್ಕದ ಅಂಗಡಿಯ ಮಿತ್ರರು ತಲೆ ಅಲ್ಲಾಡಿಸಿದರು. ಆ ಜಾಗದ ವೋಲ್ಟೇಜ್ 1.4ರ ಒಳಗೆ ಇರುತ್ತದೆ, ಬೇಕಾದದ್ದು ಕಡಿಮೆ ಇಎಸ್‌ಆರ್. ಯಂತ್ರ ನನ್ನ ಮಾತನ್ನೇ ಕೇಳಿತು. ಎಸ್‌ಎಂಪಿಎಸ್‌ಗೆ 105 ಡಿಗ್ರಿ ಶಾಖ ತಾಳುವ ಲೋ ಇಎಸ್‌ಆರ್ ಬಳಸಿದೆ. ಪ್ರಸಿದ್ಧ ಜಪಾನಿ ಹೆಸರು ಮುದ್ರಿಸಿದ ನಕಲಿಗಳು ಅಲ್ಲಿ ಧಾರಾಳ. ಕೊಳ್ಳುವ ಮೊದಲು ಟೆಸ್ಟರನ್ನು ಕೌಂಟರಿನ ಮೇಲೆ ಇಟ್ಟರೆ ಅಂಗಡಿಯವನ ಮುಖವೇ ಅರ್ಧ ಉತ್ತರ ಕೊಡುತ್ತದೆ. ಅಸಲಿ ಸಿಗುವ ಅಂಗಡಿ ಯಾವುದೆಂದು ಮಾತ್ರ ಕೇಳಬೇಡಿ, ಅವನಲ್ಲಿ ಇರುವುದೇ ಕಡಿಮೆ ದಾಸ್ತಾನು.

ಇನ್ನೊಂದು ಎಚ್ಚರ. ಬೋರ್ಡಿನ ಮೇಲೆ ಬಿಳಿ ಬಣ್ಣ ತುಂಬಿದ ಅರ್ಧವೃತ್ತ ಸಾಮಾನ್ಯವಾಗಿ ಮೈನಸ್, ಆದರೆ ಕೆಲವು ಬೋರ್ಡುಗಳಲ್ಲಿ ಅದು ತಿರುವುಮುರುವು. ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಅನಿವಾರ್ಯ.

ಕೆಪ್ಯಾಸಿಟರುಗಳ ಲೆಕ್ಕ ನನ್ನ ನೆನಪಿನಂತೆ ನಾನೂರೈವತ್ತರ ಆಸುಪಾಸು. ಹೊಸ ಯಂತ್ರ ಮತ್ತು ಹೊಸ ಫಾಂಟ್ ತಂತ್ರಾಂಶಕ್ಕೆ ನನಗೆ ಹೇಳಿದ್ದ ದರ ಮೂವತ್ತು ಸಾವಿರದ ಹತ್ತಿರ. ಭಂಗಾರಿಗೆ ಹಾಕಿ ಎಂದ ಮೂವರಲ್ಲಿ ಒಬ್ಬರು ಈಗ ಇಂಥ ಬೋರ್ಡುಗಳನ್ನು ನನಗೇ ಕಳಿಸುತ್ತಾರೆ. ಒಂದಕ್ಕೆ ಆರುನೂರು ತೆಗೆದುಕೊಳ್ಳುತ್ತೇನೆ. ಹೇರ್ ಡ್ರೈಯರಿಗೆ ಎದ್ದ ಬೋರ್ಡನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ಬಿಸಿ ಮಾಡಿದರೂ ಎಫ್‌ಎಫ್ ಬಿಡದ್ದನ್ನು ಮತ್ತು ಟ್ರ್ಯಾಕ್ (ಬೋರ್ಡಿನ ತಾಮ್ರದ ಗೆರೆ) ಸುಟ್ಟದ್ದನ್ನು ಅದೇ ದಿನ ಹಿಂದಿರುಗಿಸುತ್ತೇನೆ.