ಸಿಂಥಸೈಜರ್ ಕೀಬೋರ್ಡ್ ಮತ್ತು ಸೌಂಡ್ ಮಾಡ್ಯೂಲ್: ಹೋಲಿಸಿ ಆರಿಸುವ ಬಗೆ

ಸಿಂಥಸೈಜರ್ ಕೀಬೋರ್ಡಿನಲ್ಲಿ ನುಡಿಸುವ ಕೀಗಳೂ ನಾದ ಹುಟ್ಟಿಸುವ ಭಾಗವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಸೌಂಡ್ ಮಾಡ್ಯೂಲಿನಲ್ಲಿ ಎರಡನೆಯದು ಮಾತ್ರ ಇರುವುದರಿಂದ ಅದನ್ನು ನುಡಿಸಲು ಮಿಡಿ (ವಿದ್ಯುನ್ಮಾನ ವಾದ್ಯಗಳು ಪರಸ್ಪರ ಸ್ವರಸಂದೇಶ ಕಳುಹಿಸುವ ವ್ಯವಸ್ಥೆ) ಸಂಪರ್ಕವುಳ್ಳ ಬೇರೊಂದು ಕೀಬೋರ್ಡ್ ಅಥವಾ ಕಂಪ್ಯೂಟರ್ ಬೇಕು.

ಹೋಲಿಸುವಾಗ ಮೊದಲು ಪಾಲಿಫೋನಿಯನ್ನು, ಎಂದರೆ ಏಕಕಾಲಕ್ಕೆ ಹೊಮ್ಮಬಲ್ಲ ಧ್ವನಿಗಳ ಸಂಖ್ಯೆಯನ್ನು ನೋಡಿ. 1983ರ ಯಮಹಾ ಡಿಎಕ್ಸ್7 ಕೀಬೋರ್ಡಿನಲ್ಲಿ ಅದು 16. 1994ರ ರೋಲ್ಯಾಂಡ್ ಜೆವಿ-1080 ಮಾಡ್ಯೂಲಿನಲ್ಲಿ 64. ಆದರೆ ಕೈಪಿಡಿಯ ಅಂಕಿಯೊಂದನ್ನೇ ನಂಬಬಾರದು. ಜೆವಿ-1080ರ ಒಂದು ಪ್ಯಾಚ್, ಎಂದರೆ ಸಿದ್ಧಪಡಿಸಿಟ್ಟ ಒಂದು ನಾದ, ನಾಲ್ಕು ಟೋನ್‌ಗಳನ್ನು (ನಾದದ ಪದರಗಳನ್ನು) ಕೂಡಿಸಿದ್ದರೆ, ಪ್ರತಿ ಸ್ವರಕ್ಕೂ ನಾಲ್ಕು ಧ್ವನಿ ಬೇಕಾಗಿ, 64 ಧ್ವನಿಗಳು 16 ಸ್ವರಗಳಿಗೇ ಮುಗಿದುಹೋಗುತ್ತವೆ. ಆಮೇಲೆ ನುಡಿಸುವ ಪ್ರತಿಯೊಂದು ಸ್ವರವೂ ಹಿಂದಿನದನ್ನು ನಡುವೆಯೇ ಕಡಿಯುತ್ತದೆ. ಆದ್ದರಿಂದ ದಟ್ಟವಾದ ಸ್ಟ್ರಿಂಗ್ಸ್ ಪ್ಯಾಚ್ ಆರಿಸಿ, ಕೀ ಬಿಟ್ಟರೂ ಸ್ವರವನ್ನು ಉಳಿಸುವ ಸಸ್ಟೇನ್ ಪೆಡಲ್ ಒತ್ತಿ ಹಿಡಿದು, ವಿಶಾಲವಾದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಒಂದರ ಮೇಲೊಂದು ನುಡಿಸಿ ಕೇಳಿ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಇಲ್ಲ.

ಸ್ಟುಡಿಯೋದಲ್ಲಿ ಮಾಡ್ಯೂಲಿಗೇ ನನ್ನ ಒಲವು. ಮಿಡಿಯ 16 ಚಾನೆಲ್‌ಗಳಲ್ಲಿ ಬೇರೆ ಬೇರೆ ವಾದ್ಯಗಳನ್ನು ಒಟ್ಟಿಗೆ ನುಡಿಸಬಲ್ಲ ಮಾಡ್ಯೂಲು ರ‍್ಯಾಕಿನಲ್ಲಿ ಅಲ್ಪ ಜಾಗವನ್ನಷ್ಟೇ ಬೇಡುತ್ತದೆ. ಡ್ರಮ್ಸ್ ಮತ್ತು ಬೇಸ್‌ಗಳನ್ನು ಪ್ರತ್ಯೇಕವಾಗಿ ಮಿಕ್ಸ್ ಮಾಡಲು ಹೆಚ್ಚುವರಿ ಔಟ್‌ಪುಟ್‌ಗಳಿವೆಯೇ ಎಂಬುದನ್ನು ಮಾತ್ರ ಗಮನಿಸಿ. ಐದು ಪಿನ್ನಿನ ಮಿಡಿ ಕೇಬಲಿನಲ್ಲಿ ಒಂದು ಸ್ವರದ ಸಂದೇಶ ಸಾಗಲು ಸುಮಾರು 1 ಮಿಲಿಸೆಕೆಂಡ್ ಬೇಕಾದ್ದರಿಂದ, ಎಲ್ಲ ಚಾನೆಲ್‌ಗಳನ್ನೂ ಒಂದೇ ಕೇಬಲಿಗೆ ತುರುಕಿದರೆ ತಾಳವಾದ್ಯ ತುಸು ತಡವಾಗಿ ಕೇಳಿಸಬಹುದು.

ವೇದಿಕೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಸಣ್ಣ ಪರದೆಯ ಮೆನುಗಳನ್ನು ತಡಕಾಡಲು ಸಮಯವಿರುವುದಿಲ್ಲ. ಕೈಗೆಟುಕುವ ಗುಂಡಿಗಳು, ಮಂದ ಬೆಳಕಿನಲ್ಲೂ ಓದಬಲ್ಲ ಪರದೆ, ಕೀಗಳ ತೂಕ ಇವೇ ಮುಖ್ಯ. ಪ್ಯಾಚ್ ಬದಲಿಸಿದಾಗ ಹಿಂದಿನ ನಾದ ತಟ್ಟನೆ ನಿಲ್ಲುತ್ತದೆಯೇ ಎಂದು ಕೊಳ್ಳುವ ಮುನ್ನವೇ ಪರೀಕ್ಷಿಸಿ.